ಕಣ್ಣಳತೆ

“ಸುಳ್ಳು ಹೇಳ್ತಿದೆ ಕಣೇ ನಿನ್ನ ಪೆಟ್ಟಿಗೆ! ನಾಳೆ ಡೈರೆಕ್ಟರಿಗೆ ಹೇಳಿ ವಾಪಸ್ ಕಳಿಸ್ದೆ ಇದ್ರೆ ಕೇಳು,” ಎನ್ನುತ್ತ ಯಜಮಾನರು ಅಂಕಿಗಳ ಹಾಳೆಯನ್ನು ಹೆಂಡತಿಯ ಮುಂದೆ ಕುಕ್ಕಿದರು.

ಮಣ್ಣು ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಗಂಡ ಹೆಂಡತಿಯದು ಒಂದೇ ಕೋಣೆ. ಯಜಮಾನರದ್ದು ಕಿಟಕಿ ಪಕ್ಕದ ಬ್ಯೂರೆಟ್ಟು, ಅಳತೆಯ ಗೆರೆಗಳಿರುವ ಗಾಜಿನ ಕೊಳವೆ. ಮಣ್ಣಿಗೆ ಆಸಿಡ್ ಬೆರೆಸಿ, ಹನಿಹನಿಯಾಗಿ ದ್ರಾವಣ ಬಿಟ್ಟು, ನೀಲಿ ಹೋಗಿ ಹಸಿರು ಬಂದ ಗಳಿಗೆಗೆ ಸರಿಯಾಗಿ ನಿಲ್ಲಿಸಿ, ಇಂಗಾಲ ಇಷ್ಟು ಎಂದು ಬರೆಯುವುದು. ದ್ರಾವಣ ಕಡಿಮೆ ಹಿಡಿದಷ್ಟೂ ಇಂಗಾಲ ಹೆಚ್ಚು ಎಂದು ಲೆಕ್ಕ. ಮೂವತ್ತು ವರ್ಷದಿಂದ ಇದೇ ಕೆಲಸ. ಇವರ ಕಣ್ಣಿಗೆ ಸಾಟಿಯೇ ಇಲ್ಲ ಎಂದು ಕಚೇರಿಯೆಲ್ಲ ಹೊಗಳಿ ಅಟ್ಟಕ್ಕೇರಿಸಿತ್ತು. ಹೆಂಡತಿಯದ್ದು ಹೊಸ ಇನ್‌ಫ್ರಾರೆಡ್ ಯಂತ್ರ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಬಟ್ಟಲಿಗೆ ತುಂಬಿ ಒಳಗೆ ತಳ್ಳಿದರೆ ಸಾಕು, ಕಣ್ಣಿಗೆ ಕಾಣದ ಬೆಳಕು ಹಾಯಿಸಿ ಅರ್ಧ ನಿಮಿಷದಲ್ಲಿ ಅಂಕಿ ಕೊಡುತ್ತಿತ್ತು. ಅದಕ್ಕೆ ಪಾಠ ಹೇಳಿದ್ದೂ ಯಜಮಾನರ ಹಳೆಯ ರಿಜಿಸ್ಟರುಗಳೇ ಅನ್ನಿ. ಉಗ್ರಾಣದ ಮಣ್ಣುಗಳನ್ನು ಒಂದೊಂದಾಗಿ ತೋರಿಸಿ, ಇವರು ಬರೆದಿಟ್ಟ ಅಂಕಿಗಳನ್ನು ಆಕೆಯೇ ಕಲಿಸಿದ್ದಳು.

ಈಗ ಶಿಷ್ಯ ಗುರುವಿಗೇ ತಿರುಗಿಬಿದ್ದಿತ್ತು. ಇವತ್ತಿನ ಹತ್ತು ಮಣ್ಣಿನಲ್ಲಿ ಹತ್ತಕ್ಕೂ ಇವರ ಅಂಕಿ ಹೆಚ್ಚು, ಯಂತ್ರದ್ದು ಕಡಿಮೆ.

“ರೀ, ಸ್ವಲ್ಪ ಕೂತ್ಕೊಳ್ಳಿ,” ಎಂದಳು ಆಕೆ. ಬೆಳಿಗ್ಗೆಯಿಂದ ಈ ಮಾತನ್ನು ಮುಂದೂಡುತ್ತಲೇ ಇದ್ದಳು. ಹೇಳಿದರೆ ಈ ಮನುಷ್ಯ ಕುಸಿದುಹೋಗುತ್ತಾರೆ. ಹೇಳದಿದ್ದರೆ ತಪ್ಪು ಅಂಕಿ ನಂಬಿದ ಜನ ಹೊಲಕ್ಕೆ ಬೇಕಾದ ಗೊಬ್ಬರ ಹಾಕದೆ ಬಿಡುತ್ತಾರೆ. “ಏಳನೇ ಮಣ್ಣು ಇವತ್ತು ಬಂದದ್ದಲ್ಲ. ಉಗ್ರಾಣದ್ದು, ಎಂಟು ವರ್ಷ ಹಳೇದು. ಯಂತ್ರಕ್ಕೂ ಅದನ್ನ ಮೊದಲು ತೋರಿಸಿರಲಿಲ್ಲ. ನಿಮಗೆ ಗೊತ್ತಾಗದ ಹಾಗೆ ನಾನೇ ಸೇರಿಸಿಟ್ಟೆ.”

“ಅಯ್ಯೋ ಕಳ್ಳಿ! ನನಗೇ ಪರೀಕ್ಷೆ ಇಟ್ಯಾ?”

“ಇಟ್ಟೆ. ನೀವು ಇವತ್ತು ಬರೆದದ್ದು ಒಂದು ಪಾಯಿಂಟ್ ನಾಲ್ಕು. ಯಂತ್ರ ಹೇಳಿದ್ದು ಸೊನ್ನೆ ಪಾಯಿಂಟ್ ಒಂಬತ್ತು. ಎಂಟು ವರ್ಷದ ಹಿಂದೆ ನೀವೇ ಬರೆದದ್ದು ನೋಡಿ.” ಆಕೆ ರಿಜಿಸ್ಟರು ಬಿಡಿಸಿಟ್ಟಳು. ಸೊನ್ನೆ ಪಾಯಿಂಟ್ ಒಂಬತ್ತು. ಪಕ್ಕದಲ್ಲಿ ಯಜಮಾನರದ್ದೇ ರುಜು.

ಅವರು ರುಜುವಿನ ಮೇಲೆ ಬೆರಳಾಡಿಸಿದರು. ಎದ್ದು ಹೋಗಿ ಏಳನೇ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇದು ಹಸಿರಲ್ವೇನೇ?”

“ಇನ್ನೂ ನೀಲೀನೇ ಇದೆ ರೀ. ಬೇಗ ನಿಲ್ಲಿಸಿಬಿಟ್ಟಿದ್ದೀರಿ, ಅದಕ್ಕೇ ಅಂಕಿ ಹೆಚ್ಚು. ನಿಮ್ಮ ಕೈಗೇನೂ ಆಗಿಲ್ಲ, ಕಣ್ಣಿಗೆ ಪೊರೆ ಬಂದಿರ್ಬೇಕು. ತೆಗೆಸಿದ್ರೆ ಸರಿಹೋಗುತ್ತೆ. ಐದು ಗಂಟೆಗೆ ಡಾಕ್ಟರ ಹತ್ರ ಹೆಸರು ಬರೆಸಿದ್ದೀನಿ, ನಾನೂ ಬರ್ತೀನಿ. ಈಚೆಗೆ ಮಾಡಿದ್ದನ್ನೆಲ್ಲ ಇಬ್ಬರೂ ಸೇರಿ ಇನ್ನೊಂದ್ಸಲ ನೋಡೋಣ.”

ಯಜಮಾನರು ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಹತ್ತಿರ ಬಂದು ಹೆಂಡತಿಯನ್ನೇ ದಿಟ್ಟಿಸಿ ನೋಡಿ, ಅಳುಕುತ್ತ ಕೇಳಿದರು:

“ಹಾಗಾದ್ರೆ ನಿನ್ನ ಕೂದಲು ಇನ್ನೂ ಕಪ್ಪಗೇ ಇದೆ ಅಂದ್ಕೊಂಡಿದ್ದೀನಲ್ಲೇ... ಅದೂ ತಪ್ಪಾ?”

ಆಕೆ ಪೂರ್ತಿ ನರೆತ ತನ್ನ ತಲೆಯನ್ನು ಸವರಿಕೊಂಡಳು.

“ಅದೊಂದಕ್ಕೆ ಮಾತ್ರ ನಿಮ್ಮ ಅಂಕೀನೇ ಇರ್ಲಿ ಬಿಡಿ.”