ಐದು ಚಿಪ್ಪು

“ಚೆಂಡ್ ಕುಟ್ಕಂಡ್ ನುಗ್ಗುದ್ ಬ್ಯಾಡ. ಪಾಸ್ ಕೊಡಿ,” ಸೌಮ್ಯಶ್ರೀ ಹಲ್ಲು ಕಚ್ಚಿ ಹೇಳಿದಳು.

ಕುಂದಾಪುರದಲ್ಲಿ ಬಾಸ್ಕೆಟ್‌ಬಾಲ್ ಫೈನಲ್. ಅರ್ಧ ಆಟ ಮುಗಿದಿತ್ತು; ಅವಳು ತರಬೇತಿ ಕೊಟ್ಟ ಬ್ರಹ್ಮಾವರದ ಹುಡುಗಿಯರು ಹಿಂದೆ ಬಿದ್ದಿದ್ದರು. ಎದುರಿನ ಬೆಂಚಿನಲ್ಲಿ ಕುಂದಾಪುರದ ಕೋಚ್ ಉಮಾನಾಥ ಕೈಕಟ್ಟಿ ಕೂತಿದ್ದರು. ಅವರದು ಅದೇ ಹಳೇ ಝೋನ್: ಮುಂದೆ ಇಬ್ಬರು, ರಿಂಗಿನ ಕೆಳಗೆ ಮೂವರು. ಎದುರಾಳಿಯ ಬೆನ್ನು ಹತ್ತುವುದಿಲ್ಲ, ತಂತಮ್ಮ ಜಾಗ ಕಾಯುತ್ತಾರೆ. ಅಂಗಣದೊಳಗೆ ಯಾರೇ ಆಗಲಿ ಅವರನ್ನು ‘ಸರ್’ ಎನ್ನಬೇಕು. ಅದರಲ್ಲೂ ಅಷ್ಟೇ ಕಟ್ಟುನಿಟ್ಟು.

ಅವರನ್ನು ಅಲ್ಲಿ ಕಂಡರೆ ಸೌಮ್ಯಶ್ರೀಗೆ ಮೈ ಉರಿಯುತ್ತಿತ್ತು. ಕಾಲೇಜಿನ ಕೊನೆಯ ವರ್ಷ, ಇಂಥದೇ ಫೈನಲ್. ಅವಳಷ್ಟು ಗುರಿ ತಂಡದಲ್ಲಿ ಯಾರಿಗೂ ಇರಲಿಲ್ಲ. ಇವಳನ್ನು ಆಟಕ್ಕೆ ಇಳಿಸಿದರೆ ಜನ ಆಡಿಕೊಳ್ಳುತ್ತಾರೆಂದು, ಆಗ ಆ ತಂಡದ ಕೋಚ್ ಆಗಿದ್ದ ಉಮಾನಾಥ ಅವಳನ್ನು ಕೂರಿಸಿಬಿಟ್ಟರು. ತಂಡ ಸೋತಿತು. ಮೀನಿನ ವ್ಯಾಪಾರ ಬಿಟ್ಟು ಓಡಿಬಂದಿದ್ದ ತಾಯಿ ಹರಿಣಾಕ್ಷಿ, ಮಗಳು ಬೆಂಚಿನಲ್ಲಿ ಕೂತಿದ್ದನ್ನಷ್ಟೇ ನೋಡಿದಳು. ಆ ಮನುಷ್ಯನ ಬಾಯಿಂದ ‘ತಪ್ಪಾಯಿತು’ ಎನ್ನಿಸದೆ ಬಿಡುವುದಿಲ್ಲವೆಂದು ಸೌಮ್ಯಶ್ರೀ ಅಂದೇ ಹಟ ಹಿಡಿದಿದ್ದಳು.

ಚೀಲದಿಂದ ಐದು ಚಿಪ್ಪುಮೀನಿನ ಚಿಪ್ಪು ತೆಗೆದು ನೆಲದ ಮೇಲಿಟ್ಟಳು. ಮುಂದೆ ಎರಡು, ಹಿಂದೆ ಮೂರು. ಊಟವಾದ ಮೇಲೆ ಬಟ್ಟಲಿನ ಪಕ್ಕ ಚಿಪ್ಪು ಜೋಡಿಸಿ ಝೋನ್ ಕಟ್ಟುವುದು ಉಮಾನಾಥರ ಚಾಳಿ.

“ಪ್ರಣೀತಾ, ನೀನ್ ನಡುವಿಗ್ ನಿಲ್ಲ್. ಚೆಂಡ್ ನಿನ್ ಕೈಗ್ ಬಂದ್ರೆ ಎಲ್ಲ ಒಳ್ಗ್ ಬತ್ರ್. ಆಗ ಮೂಲೆ ಖಾಲಿ.”

ಚಿಪ್ಪು ಕಂಡದ್ದೇ ಉಮಾನಾಥರ ಕಟ್ಟಿದ ಕೈ ಬಿಚ್ಚಿತು. ಜಾಗ ಬಿಡಬೇಡಿರೆಂದು ತಮ್ಮ ಹುಡುಗಿಯರಿಗೆ ಕೂಗಿದರು. ಪ್ರಯೋಜನವಾಗಲಿಲ್ಲ. ನಡುವೆ ಚೆಂಡು ಹಿಡಿದ ಪ್ರಣೀತಾಳ ಮೇಲೆ ಎಲ್ಲರೂ ಮುಗಿಬಿದ್ದರು. ಅವಳು ಮೂಲೆಗೆ ಎಸೆದಳು. ಬಾಸ್ಕೆಟ್. ಮತ್ತೆ ಮೂಲೆ, ಮತ್ತೆ ಬಾಸ್ಕೆಟ್. ಕೊನೆಗೆ ಕುಂದಾಪುರದ ಹುಡುಗಿಯರು ಮೂಲೆ ಕಾಯಲು ಓಡಿದಾಗ ಪ್ರಣೀತಾ ನಡುವಿನಿಂದಲೇ ಹೊಡೆದಳು. ಬ್ರಹ್ಮಾವರ ಗೆದ್ದಿತು.

ಉಮಾನಾಥ ಕೈಕುಲುಕಲು ಬಂದರು. ಸೌಮ್ಯಶ್ರೀ ಕೈ ಚಾಚಲಿಲ್ಲ.

“ಅವತ್ತ್ ನನ್ನ ಎಂತಕ್ ಇಳ್ಸಲಿಲ್ಲ, ಸರ್?”

“ಜನರ ಬಾಯಿಗ್ ಹೆದ್ರಿದೆ,” ಅವರು ತಲೆ ತಗ್ಗಿಸಿದರು. “ತಪ್ಪಾಯ್ತ್.”

ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ಪೂರ್ತಿ ಅಲ್ಲ. ಐದೂ ಚಿಪ್ಪನ್ನು ಅವರ ಅಂಗೈಗೆ ಸುರಿದು, ಅಂಗಣದ ಗೆರೆ ದಾಟಿ ಚಪ್ಪಲಿ ಮೆಟ್ಟಿದಳು.

“ಬನಿ ಅಪ್ಪಯ್ಯ, ಮನಿಗ್ ಹೋಪ. ಸೋತದ್ದನ್ನ ಅಮ್ಮನ ಹತ್ರ ನೀವೇ ಹೇಳ್ಕ್.”