ದನಿ ಮಾತ್ರ

ಮೊಬೈಲ್ ಆಟಗಳನ್ನು ತಯಾರಿಸುವುದು ಹೇಗೆಂದು ಕನ್ನಡದಲ್ಲಿ ಹೇಳಿಕೊಡುವ ವಿಡಿಯೊಗಳಿಗೆ ಸಂಸ್ಥೆಯೊಂದು ಸಂಭಾವನೆ ಕೊಡುತ್ತಿತ್ತು. ನೋಡುವವರಿಗೆ ಎಲ್ಲವೂ ಉಚಿತ. ಗಂಡನ ಹೊಡೆತ ತಾಳದೆ ಒಬ್ಬಳೇ ಬಾಗಲಕೋಟೆಯಿಂದ ಮಂಗಳೂರಿಗೆ ಓಡಿಬಂದಿದ್ದ ಕಂಪ್ಯೂಟರ್ ಶಿಕ್ಷಕಿ ಮಂದಾಕಿನಿ ಒಂದು ಷರತ್ತಿನ ಮೇಲೆ ಪಾಠ ಮಾಡಲು ಒಪ್ಪಿದ್ದಳು: ಮುಖ ಬೇಡ, ಹೆಸರು ಬೇಡ, ದನಿ ಮಾತ್ರ.

ಒಂದು ಮಧ್ಯಾಹ್ನ ಪಾಠದ ಕೆಳಗೆ ಹೊಸ ಕಾಮೆಂಟ್ ಕಂಡಿತು. ‘ಈ ದನಿ ನನಗ ಗೊತ್ತೈತಿ. ಎಲ್ಲಿದ್ದಿ?’ ಬರೆದವರ ಹೆಸರು ಚಂದ್ರಕಾಂತ. ಪಕ್ಕದಲ್ಲಿ ಅವಳ ಗಂಡನದೇ ಫೋಟೊ.

ಅವಳು ಬಾಗಿಲಿಗೆ ಚಿಲಕ ಹಾಕಿ, ಸಂಸ್ಥೆಯ ಫಿಲೋಮಿನಾಗೆ ಫೋನ್ ಮಾಡಿದಳು.

“ಮೇಡಮ್, ಎಲ್ಲಾ ವಿಡಿಯೊ ತೆಗೆದುಬಿಡ್ರಿ. ನನ್ನ ಗಂಡ ನನ್ನ ಹುಡುಕ್ಯಾನ. ಬಂದ್ರ ಕೊಂದ ಬಿಡ್ತಾನ.”

“ತೆಗೀತೇನೆ. ನಿಮ್ಮ ವಿಳಾಸ ನಾವು ಯಾರಿಗೂ ಕೊಡುದಿಲ್ಲ, ಹೆದರ್ಬೇಡಿ. ಆದ್ರೆ ನಿಮ್ಮ ಪಾಠ ನೋಡಿ ಮಾಡಿದ್ದು ಅಂತ ಅದೇ ಖಾತೆಯಿಂದ ಒಂದು ಆಟ ಬಂದಿದೆ. ಕಳಿಸ್ಲಾ?”

“ಆಟಾ? ಅವನಾ?”

ಫಿಲೋಮಿನಾ ಕಳಿಸಿದ ಆಟವನ್ನು ತೆರೆದಳು. ಮಂಚದ ಮೇಲೊಬ್ಬ ಗಂಡಸು ಮಲಗಿದ್ದ. ಅವನಿಗೆ ಎಚ್ಚರವಾಗದಂತೆ ಪುಟ್ಟ ಬೊಂಬೆಯೊಂದನ್ನು ಬಾಗಿಲವರೆಗೆ ನಡೆಸಬೇಕಿತ್ತು. ಮೊದಲ ಸಲ ಅವನು ಧಡಕ್ಕನೆ ಎದ್ದುಬಿಟ್ಟ. ಮತ್ತೆ ಆಡಿದಳು. ಈ ಸಲ ಬೊಂಬೆ ಹೊಸ್ತಿಲು ದಾಟಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು:

‘ಅವ್ವಾ, ಅಪ್ಪನ ಫೋನಿಂದ ಬರ್ಯಾಕತ್ತೀನಿ. ಅವಗ ಗೊತ್ತಿಲ್ಲ. ನನ್ನೂ ಕರ್ಕೊಂಡ ಹೋಗ.’