ಓರೆ ಕೊಕ್ಕು

ಇದು ಬದುಕುವ ಮರಿಯಲ್ಲ, ಸುಮ್ಮನೆ ಕೈಬಿಡು ಎಂದು ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟರು. ಸೊಸೆಯ ಅಂಗೈಯಲ್ಲಿದ್ದ ಹಳದಿ ಕೋಳಿಮರಿ ಕಣ್ಣು ಪಿಳುಕಿಸುತ್ತಿತ್ತು. ಜೊತೆಯಲ್ಲೇ ಮೊಟ್ಟೆಯೊಡೆದು ಬಂದವಕ್ಕೆಲ್ಲ ರೆಕ್ಕೆ ಬಲಿತು, ಕಾಂಪೌಂಡಿನ ಮೇಲೆ ಹಾರಿ ಕೂರುವ ಪುಂಡಾಟ ಶುರುವಾಗಿತ್ತು. ಇದು ಮಾತ್ರ ಹುಟ್ಟಿದ ವಾರದಲ್ಲಿ ಎಷ್ಟಿತ್ತೋ ಅಷ್ಟೇ. ಅತ್ತೆ ಅದನ್ನು ಗುಬ್ಬಿ ಎಂದು ಕರೆಯುತ್ತಿದ್ದರು, ಮುದ್ದಿನಿಂದೇನಲ್ಲ.

ಕೋಳಿಯ ವಿಷಯದಲ್ಲಿ ಅತ್ತೆಯ ಮಾತಿಗೆ ಆ ಬೀದಿಯಲ್ಲಿ ಎದುರಿರಲಿಲ್ಲ. ಹೇಂಟೆ ಕಾವಿಗೆ ಕೂರದಿದ್ದರೂ, ಮರಿಗಳು ತೂಕಡಿಸಿದರೂ ಅಕ್ಕಪಕ್ಕದವರು ಇವರ ಬಾಗಿಲಿಗೇ ಬರುತ್ತಿದ್ದರು. ಸೊಸೆಯಾದರೋ ಮದುವೆಯಾಗಿ ಈ ಮನೆಗೆ ಬರುವ ತನಕ ಕೋಳಿಯನ್ನು ಮುಟ್ಟಿ ನೋಡಿದವಳೂ ಅಲ್ಲ. ಮುಖ್ಯರಸ್ತೆಯ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡುವುದು, ಉಗುರು ತಿದ್ದುವುದು ಅವಳ ಕೆಲಸ. ಆದರೆ ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ. ಇದನ್ನು ಬೆಳೆಸಿಯೇ ತೀರುತ್ತೇನೆ ಎಂದು ಹೇಳಿ ಕೆಲಸಕ್ಕೆ ಹೊರಟಳು.

ರಟ್ಟಿನ ಡಬ್ಬದಲ್ಲಿ ಬೇರೆ ಮಲಗಿಸಿ ಬಲ್ಬು ಹಾಕಿದಳು. ಪಶುವೈದ್ಯರ ಹತ್ತಿರ ಕೇಳಿ ಜಂತುಹುಳುವಿನ ಔಷಧಿ ತಂದು ಹನಿಸಿದಳು. ಗುಬ್ಬಿ ಗುಬ್ಬಿಯಾಗಿಯೇ ಉಳಿಯಿತು. ತಿನ್ನುವುದಕ್ಕೇನೂ ಕಡಿಮೆಯಿಲ್ಲ, ಉಳಿದವು ತಟ್ಟೆ ಬಿಟ್ಟು ಹೋದ ಮೇಲೂ ಇದು ಕುಕ್ಕುತ್ತಲೇ ಇರುತ್ತದೆ, ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೋ ಎಂದು ಅತ್ತೆ ಹಂಗಿಸಿದರು. ಆ ಮಾತು ಸುಳ್ಳಾಗಿರಲಿಲ್ಲ. ಅದೇ ಸೊಸೆಯ ತಲೆ ಕೊರೆಯತೊಡಗಿತು.

ಒಂದು ಇಳಿಬಿಸಿಲಲ್ಲಿ, ಅದು ತಟ್ಟೆಯಿಂದ ತಲೆಯೆತ್ತಿದ ಕೂಡಲೇ ಹಿಡಿದು ಕತ್ತಿನ ಕೆಳಗೆ ಬೆರಳಾಡಿಸಿದಳು. ಕಾಳು ತುಂಬಿ ಉಬ್ಬಿರಬೇಕಾದ ಚೀಲ ಬರಿದಾಗಿತ್ತು. ಮತ್ತೆ ಅದನ್ನು ಕೆಳಗೆ ಬಿಟ್ಟು, ನೆಲದ ಮೇಲೆ ಬೋರಲು ಮಲಗಿ, ಗಿರಾಕಿಯ ಹುಬ್ಬು ನೋಡುವ ಹಾಗೆ ಅದರ ಮುಖವನ್ನೇ ನೋಡಿದಳು. ಮೇಲಿನ ಕೊಕ್ಕು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ವಾಲಿ, ಸ್ವಲ್ಪವೇ ತೆರೆದ ಕತ್ತರಿಯ ಹಾಗಿತ್ತು. ಕುಕ್ಕಿದ ಕಾಳು ಕೊಕ್ಕಿಗೆ ತಾಗಿ ಜಾರುತ್ತಿತ್ತು. ಮರಿ ದಿನವಿಡೀ ತಿನ್ನುತ್ತಿರಲಿಲ್ಲ, ದಿನವಿಡೀ ತಿನ್ನಲು ಹೆಣಗುತ್ತಿತ್ತು.

ಅವಳು ಪಾರ್ಲರಿಗೆ ಒಯ್ಯುವ ಚೀಲದಿಂದ ಉಗುರು ಉಜ್ಜುವ ಅರ ತೆಗೆದಳು. ರಕ್ತ ಬಂದರೆ ಸತ್ತೇಹೋಗುತ್ತದೆ ಎಂದು ಅತ್ತೆ ಹೆದರಿಸಿದರು. ತುದಿ ಉಗುರಿನ ಹಾಗೇ ಅಲ್ಲವೇ, ಎಲ್ಲಿಯವರೆಗೆ ನೋವಿಲ್ಲ ಎಂದು ನನಗೆ ಗೊತ್ತು ಎಂದ ಸೊಸೆ, ಮರಿಯನ್ನು ಟವೆಲಿನಲ್ಲಿ ಸುತ್ತಿ, ಬೆಳಕಿಗೆ ಹಿಡಿದು, ತುದಿಯನ್ನಷ್ಟೇ ಉಜ್ಜಿದಳು. ಬೆಳೆದಂತೆಲ್ಲ ಮತ್ತೆ ಉಜ್ಜುತ್ತ ಬಂದಳು. ಚಪ್ಪಟೆ ತಟ್ಟೆಯ ಬದಲು ಆಳದ ಬಟ್ಟಲಿನಲ್ಲಿ ಕಾಳಿನ ಪುಡಿಯನ್ನು ನೀರಲ್ಲಿ ಕಲಸಿಟ್ಟಳು. ಗುಬ್ಬಿ ಕಣ್ಣಿನವರೆಗೂ ಮುಖ ಮುಳುಗಿಸಿ ಗಬಗಬನೆ ನುಂಗಿತು. ಬರಬರುತ್ತ ಅಂಗೈಗೆ ಅದರ ಭಾರ ಗೊತ್ತಾಗತೊಡಗಿತು, ತುಪ್ಪಳ ಉದುರಿ ಗರಿ ಮೂಡಿತು. ಅತ್ತೆ ಒಂದು ದಿನ ಬಗ್ಗಿ ನೋಡಿ, ಪರವಾಗಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು.

ಆದರೆ ಸೊಸೆಯ ಕಣ್ಣಿಗೆ ಒಂದು ಚಟ ಅಂಟಿಕೊಂಡಿತ್ತು. ಯಾರು ತಟ್ಟೆಯ ಮುಂದೆ ಕೂತಿದ್ದಾರೆ ಎಂದಲ್ಲ, ಯಾರ ಗಂಟಲಿಗೆ ಏನು ಇಳಿಯಿತು ಎಂದು ನೋಡುತ್ತಿದ್ದಳು. ಗಂಡ ಉಂಡವನೇ ಬೇಕರಿಯ ಪಾಳಿಗೆ ಓಡುತ್ತಿದ್ದ, ಅತ್ತೆ ಯಾವಾಗಲೂ ಕೊನೆಗೆ ಕೂರುತ್ತಿದ್ದರು. ರಜೆಯ ದಿನವೊಂದರಲ್ಲಿ ಅವಳು ಮೇಜು ಬಿಟ್ಟು ಏಳಲಿಲ್ಲ. ಅತ್ತೆ ಬ್ರೆಡ್ಡನ್ನು ಚೂರು ಮಾಡಿದರು, ಚೂರನ್ನು ಮತ್ತೆ ಚೂರು ಮಾಡಿದರು. ಒಂದನ್ನು ಬಾಯಿಗಿಟ್ಟು, ಮುಖ ಕಿವುಚಿ, ಮೆಲ್ಲಗೆ ಮುಷ್ಟಿಯೊಳಗೆ ತೆಗೆದುಕೊಂಡರು. ಆ ಮುಷ್ಟಿ ಹಿಡಿದು ಹಿತ್ತಿಲಿಗೆ ಎದ್ದು ಹೋದರೆ ಕೋಳಿಗಳೆಲ್ಲ ಓಡಿ ಬಂದವು. ಅತ್ತೆಯ ಬೆರಳಿನ ಉಂಗುರ ಜಾರದಿರಲೆಂದು ಅದಕ್ಕೆ ದಾರ ಸುತ್ತಿತ್ತು.

"ಅತ್ತೆ, ಒಂದ್ಸಲ ಬಾಯಿ ತೆಗೀರಿ" ಎಂದಳು ಸೊಸೆ, ಬಾಗಿಲಿಗೆ ಅಡ್ಡ ನಿಂತು.

"ನನ್ನನ್ನೇನು ನಿನ್ನ ಕೋಳಿ ಅಂದ್ಕೊಂಡ್ಯಾ?"

"ಕೋಳಿ ಆಗಿದ್ರೆ ಇಷ್ಟೊತ್ತಿಗೆ ಟವೆಲಲ್ಲಿ ಸುತ್ತಿರ್ತಿದ್ದೆ."

ಅತ್ತೆಗೆ ನಗು ಬಂತು, ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡರು. ಮಗನ ಮದುವೆಯ ಹೊತ್ತಿಗೆಂದು ಕಟ್ಟಿಸಿದ ಹಲ್ಲಿನ ಸೆಟ್ಟು ಅಂದಿನಿಂದಲೂ ಒಸಡನ್ನು ಕೊಯ್ಯುತ್ತಿತ್ತು. ಹೊಸ ಸೊಸೆಯ ಮುಂದೆ, ಅವಳು ಬಂದ ದಿನದಿಂದಲೇ ನರಳಾಟ ಬೇಡವೆಂದು ಮೊದಮೊದಲು ಸುಮ್ಮನಿದ್ದರಂತೆ. ಆಮೇಲಾದರೂ ಹೇಳಬಹುದಿತ್ತಲ್ಲ ಎಂದು ಸೊಸೆ ಕೇಳಿದಳು.

ಅತ್ತೆ ಹಿತ್ತಿಲ ಕಡೆ ನೋಡಿದರು. "ಆ ಮರಿ ಬಗ್ಗೆ ಅಷ್ಟೆಲ್ಲ ಮಾತಾಡ್ದೋಳು ಕಣೇ ನಾನು. ನಂಗೂ ತಿನ್ನೋಕಾಗ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಸೊಸೆ ಚಪ್ಪಲಿ ಮೆಟ್ಟಿಕೊಂಡು ಅತ್ತೆಯನ್ನು ಹೊರಡಿಸಿದಳು. ಹಲ್ಲಿನ ವೈದ್ಯರು ಸೆಟ್ಟಿನ ಅಂಚನ್ನು ಉಜ್ಜುವಾಗ ಅವರ ಹೆಗಲ ಮೇಲಿನಿಂದ ಬಗ್ಗಿ, ಆ ಕಡೆ ಇನ್ನೂ ಸ್ವಲ್ಪ ಎಂದಳು. ನೀವೂ ಇದೇ ಕೆಲಸದವರಾ ಎಂದು ಅವರು ಕೇಳಿದರು. ಹೆಚ್ಚುಕಮ್ಮಿ ಇದೇ ಎಂದಳು.

ಗುಬ್ಬಿ ಕೊನೆಗೂ ಉಳಿದವುಗಳ ಅರ್ಧದಷ್ಟೇ ಆಯಿತು. ಆದರೆ ಗತ್ತಿಗೆ ಕೊರತೆಯಿರಲಿಲ್ಲ. ಕೋಳಿಗಳ ಜಗಳಕ್ಕೆ ಮನುಷ್ಯರು ಕೈ ಹಾಕಬಾರದು ಎನ್ನುತ್ತಿದ್ದ ಅತ್ತೆ ಈಗ ಬೆಳಗಾದರೆ ಅದರ ಬಟ್ಟಲಿಗೆ ಕಾವಲು. ಹಿತ್ತಿಲ ನೆಲದ ಮೇಲೆ ಕಾಲು ಚಾಚಿ, ನುಗ್ಗಿ ಬರುವ ದೊಡ್ಡ ಕೋಳಿಗಳನ್ನು ಮೊಣಕೈಯಿಂದ ತಳ್ಳುತ್ತ, ಹುರಿದ ಕಡಲೆಬೀಜವನ್ನು ಕಟಂಕಟಂ ಎಂದು ಅಗಿಯುತ್ತ ಕೂತಿರುತ್ತಾರೆ. ಆ ಸದ್ದಿಗೆ ಗುಬ್ಬಿ ಒಮ್ಮೆ ತಲೆಯೆತ್ತಿ ನೋಡುತ್ತದೆ, ಮತ್ತೆ ಬಟ್ಟಲಿಗೆ ಮುಖ ಮುಳುಗಿಸುತ್ತದೆ.